ಮೊಂಡೆಂ ಮನೆ

ಚನ್ನರಾಯಪ್ಪ ನಮ್ಮಮ್ಮನನ್ನು ಹೆಸರು ಹಿಡಿದು ಕರೆದ ದಿನವೇ ನನಗೆ ಅನುಮಾನ ಹುಟ್ಟಿತು.

"ದೊಡ್ಡಮುನಿಯಮ್ಮಾ, ಚೆನ್ನಾಗಿದ್ದೀರಾ?" ಎಂದ. ಕೇರಿಯ ಬಾಯಲ್ಲಿರುವ ಹುಣಸೆಮರದ ಕೆಳಗೆ ಜೀಪು ನಿಲ್ಲಿಸಿದ್ದ. ಇಳಿಯಲಿಲ್ಲ. ಕಿಟಕಿಯ ಗಾಜು ಇಳಿಸಿದ, ಅಷ್ಟೆ. ಅವನು ಊರಿನ ಯಜಮಾನ. ಎಲ್ಲಮ್ಮನ ಗುಡಿಯ ಸಮಿತಿಗೂ ಅವನೇ ಅಧ್ಯಕ್ಷ. ನಮ್ಮಮ್ಮನಿಗೆ ಒಂದು ಹೆಸರಿದೆ ಎಂಬುದು ಅವನಿಗೆ ಗೊತ್ತಿದೆ ಎಂದು ನನಗೆ ಅವತ್ತೇ ತಿಳಿದದ್ದು. ಅಲ್ಲಿಯವರೆಗೆ ಅವನಿಗೂ ಅವನ ಅಪ್ಪನಿಗೂ ಅವಳು ಬರೀ ಮೊಂಡೆಂ. "ಏ ಮೊಂಡೆಂ, ಕೊಟ್ಟಿಗೆ ಬಳಿದು ಹೋಗು." "ಲೇ, ಆ ಮೊಂಡೆಂನ ಬರೇಳ್ರೋ."

ಮೊಂಡೆಂ ಅಂದರೆ ತೆಲುಗಿನಲ್ಲಿ ತಲೆ ಹೋದ ದೇಹ. ಬರೀ ಮುಂಡ. ನಮ್ಮೂರು ಚಿಂತಮಾನಪಲ್ಲಿ, ಗೌನಿಪಲ್ಲಿಯಿಂದ ಆಂಧ್ರದ ಕಡೆ ಹೋಗುವ ದಾರಿಯಲ್ಲಿ, ಮಾವಿನ ತೋಪುಗಳ ಹಿಂದೆ ಇದೆ. ಇಲ್ಲಿ ಬೈಗುಳ ಕನ್ನಡದಲ್ಲಿ ಶುರುವಾದರೆ ತೆಲುಗಿನಲ್ಲಿ ಮುಗಿಯುತ್ತದೆ. ಶಾಲೆಯಲ್ಲಿ ಹುಡುಗರು ನನ್ನ ಮೇಲೆ ಅದೇ ಮಾತನ್ನು ತಿರುಚಿ ಕನ್ನಡ ಮಾಡಿದ್ದರು. 'ಮುಂಡೆ' ಎನ್ನುತ್ತಿದ್ದರು. ಮೇಷ್ಟರಿಗೂ ನಗು ಬರುತ್ತಿತ್ತು.

ನಮ್ಮ ಮನೆಗೆ ಆ ಹೆಸರು ಬಂದದ್ದು ದೇವರಿಂದ. ನಮ್ಮೂರ ದೇವತೆ ತಲೆ ಎಲ್ಲಮ್ಮ. ಗುಡಿಯೊಳಗೆ ಇರುವುದು ಹಿತ್ತಾಳೆಯ ಒಂದು ತಲೆ ಮಾತ್ರ. ಕತ್ತಿನಿಂದ ಕೆಳಗೆ ಏನೂ ಇಲ್ಲ. ಅದಕ್ಕೊಂದು ಕತೆ. ಒಬ್ಬ ಋಷಿಗೆ ಹೆಂಡತಿಯ ಮೇಲೆ ಅನುಮಾನ ಬಂತು. ಅವಳನ್ನು ಕಡಿ ಎಂದು ಮಗನಿಗೆ ಹೇಳಿದ. ಮಗ ಕೊಡಲಿ ಹಿಡಿದು ಅಟ್ಟಿಸಿಕೊಂಡು ಬಂದ. ತಾಯಿ ಓಡಿದಳು. ಯಾವ ಮನೆಯವರೂ ಬಾಗಿಲು ತೆಗೆಯಲಿಲ್ಲ. ಕೊನೆಗೆ ಮಾದಿಗರ ಕೇರಿಗೆ ನುಗ್ಗಿ ಅಲ್ಲಿದ್ದ ಒಬ್ಬ ಹೆಂಗಸನ್ನು ತಬ್ಬಿಕೊಂಡಳು. ಆ ಹೆಂಗಸು ಅವಳನ್ನು ತಳ್ಳಲಿಲ್ಲ, ತಾನೂ ತಬ್ಬಿಕೊಂಡಳು. ಮಗ ಒಂದೇ ಏಟಿಗೆ ಇಬ್ಬರನ್ನೂ ಕಡಿದ. ಆಮೇಲೆ ಅಪ್ಪ ಮೆಚ್ಚಿ ವರ ಕೇಳು ಎಂದಾಗ, ತಾಯಿ ಬದುಕಲಿ ಎಂದ. ಅವಸರದಲ್ಲಿ ತಲೆಗಳನ್ನು ಜೋಡಿಸಿದ. ಅದಲುಬದಲಾಯಿತು. ಋಷಿಯ ಹೆಂಡತಿಯ ತಲೆ ಮಾದಿಗರ ಹೆಂಗಸಿನ ಮೈಗೆ ಕೂತಿತು. ಅವಳೇ ಎಲ್ಲಮ್ಮ.

ಆದ್ದರಿಂದ ಹಬ್ಬದ ದಿನ ಗುಡಿಯ ತಲೆಗೆ ಮೈ ಬೇಕು. ಆ ಮೈ ನಮ್ಮ ಮನೆಯ ಹೆಂಗಸಿನದು. ಮೊದಲು ನಮ್ಮಜ್ಜಿ. ಆಮೇಲೆ ಅಮ್ಮ.

ಮಧ್ಯಾಹ್ನ ಪೂಜಾರಿ ಸೀನಪ್ಪ ತಲೆಯನ್ನು ಕೆರೆಕಟ್ಟೆಗೆ ತರುತ್ತಾನೆ. ನಮ್ಮನೆಯ ಹೆಂಗಸು ಅಷ್ಟರಲ್ಲಿ ಕೆರೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲಿ, ಕೂದಲು ಬಿಚ್ಚಿಕೊಂಡು ಕಾಯುತ್ತಿರಬೇಕು. ಹಿತ್ತಾಳೆಯ ತಲೆ ಒಳಗೆ ಟೊಳ್ಳು. ಕೊಡ ಬೋರಲು ಹಾಕಿದ ಹಾಗೆ ನೆತ್ತಿಯ ಮೇಲೆ ಕೂರಿಸುತ್ತಾರೆ. ಅಂಚು ಹುಬ್ಬಿನ ಮೇಲೆ ಒತ್ತುತ್ತದೆ. ಆ ಅಂಚಿನಿಂದ ಎದೆಯವರೆಗೆ ಕೆಂಪು ಬಟ್ಟೆಯ ಮುಸುಕು ಇಳಿಬಿಡುತ್ತಾರೆ. ಮೇಲೆ ದೇವರ ಮುಖ. ಕೆಳಗಿನ ಮುಖ ಯಾರಿಗೂ ಕಾಣಬಾರದು. ಹೊತ್ತವಳಿಗೆ ದಾರಿ ಕಾಣುವುದಿಲ್ಲ. ಅದಕ್ಕೆ ನಡುವಿಗೆ ಅರಿಶಿನದ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಸೀನಪ್ಪ ಹಿಡಿದು ಮುಂದೆ ನಡೆಯುತ್ತಾನೆ. ಎಮ್ಮೆಯನ್ನು ಹೀಗೇ ಹಿಡಿದುಕೊಂಡು ಹೋಗುತ್ತಾರೆ.

ಊರಿನ ಪ್ರತಿ ಮನೆಯ ಮುಂದೆ ನಿಲ್ಲಬೇಕು. ಹೆಂಗಸರು ಕಾಲಿಗೆ ನೀರು ಹೊಯ್ದು, ಅರಿಶಿನ ಹಚ್ಚಿ, ಅಡ್ಡಬೀಳುತ್ತಾರೆ. ಬೀಳುವುದು ನಮ್ಮಮ್ಮನ ಕಾಲಿಗೆ. ಅವರ ಮನಸ್ಸಿನಲ್ಲಿ ಅದು ಅಮ್ಮನ ಕಾಲಲ್ಲ. ಊರೆಲ್ಲ ಸುತ್ತುವ ಎಲ್ಲಮ್ಮ ಕೇರಿಗೆ ಮಾತ್ರ ಬರುವುದಿಲ್ಲ. ಹುಣಸೆಮರದ ಹತ್ತಿರ ಬಂದು ಎಡಕ್ಕೆ ತಿರುಗಿ ಗುಡಿಗೆ ಹೋಗುತ್ತಾಳೆ. ಗುಡಿಯ ಹೊಸಿಲಲ್ಲಿ ಸೀನಪ್ಪ ತಲೆಯನ್ನು ಎಳೆದು ತೆಗೆದುಕೊಳ್ಳುತ್ತಾನೆ. ಕೆಂಪು ಬಟ್ಟೆ ನಮ್ಮಮ್ಮನ ಮುಖದ ಮೇಲೆ ಬೀಳುತ್ತದೆ. ಅವಳು ಹಾಗೇ ಗೋಡೆಯ ಕಡೆ ತಿರುಗಿ ಕೂರಬೇಕು. ಒಳಗೆ ತಲೆಯನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ, ಗಂಜಲ ಚಿಮುಕಿಸಿ, ಬಾಗಿಲು ಹಾಕುವವರೆಗೂ ಏಳುವಂತಿಲ್ಲ. ತಲೆ ಹೋದ ಮೊಂಡೆಂನ ಮುಖ ಕಂಡರೆ ಊರಿಗೆ ಕೇಡಂತೆ.

ನನಗೆ ಅರ್ಥವಾಗದ್ದು ಇದು. ಅವರ ಕತೆಯ ಪ್ರಕಾರವೇ ಅದು ಎಲ್ಲಮ್ಮನ ಮೈ. ಅವಳ ಮೈ ಅವಳಿಗೇ ಮೈಲಿಗೆಯೆ? ಗಂಜಲ ಯಾಕೆ?

ಚಿಕ್ಕವಳಿದ್ದಾಗ ಇನ್ನೂ ಒಂದು ಪ್ರಶ್ನೆ ಇತ್ತು. ಇಬ್ಬರನ್ನು ಕಡಿದರು, ಇಬ್ಬರನ್ನೂ ಜೋಡಿಸಿದರು. ಒಬ್ಬಳು ಗುಡಿಯಲ್ಲಿದ್ದಾಳೆ. ಇನ್ನೊಬ್ಬಳು ಎಲ್ಲಿ? ನಮ್ಮ ತಲೆ, ಅವರ ಮೈ ಇದ್ದವಳು? ಗುಡಿಯ ಹೊರಗೆ ನಿಂತು ಸೀನಪ್ಪನನ್ನು ಕೇಳಿದ್ದೆ. ಅವನು ಕೈಗೆ ಸಿಕ್ಕಿದ ತೆಂಗಿನ ಚಿಪ್ಪು ಎಸೆದ. ಅದು ಮೊಣಕಾಲಿಗೆ ಬಿತ್ತು.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅವಳು ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸದೆ ಹೇಳಿದಳು.

"ಆವಮ್ಮ ಋಷಿ ಮನೆ ಬಾಗ್ಲಿಗೋದ್ಲಂತೆ. ಋಷಿ ನೋಡ್ದ. ಕೈ ಕಾಲು ನಡ ಎಲ್ಲಾ ತನ್ನ ಹೆಂಡ್ತೀದೇ. ಮುಖ ಮಾತ್ರ ನಮ್ದು. ಒಳಕ್ಕೆ ಬಿಡ್ನಿಲ್ಲ."

"ಆಮೇಲೆ?"

"ಆಮೇಲೇನು, ಹೊರಟೋದ್ಲು."

"ಎಲ್ಲಿಗೆ?"

"ಕೂಲಿಗೋಗಿರ್ತಾಳೆ ಬಿಡು. ಪೋನೀಲೇ."

ಪೋನೀಲೇ. ಹೋಗಲಿ ಬಿಡು. ಅಮ್ಮನ ಬಾಯಲ್ಲಿ ಸದಾ ಇದ್ದ ಮಾತು ಅದೊಂದೇ. ಕೂಲಿ ಕಮ್ಮಿ ಕೊಟ್ಟರೆ ಪೋನೀಲೇ. ಲೋಟ ಬೇರೆ ಇಟ್ಟರೆ ಪೋನೀಲೇ. ನನ್ನ ಮೊಣಕಾಲ ರಕ್ತ ಒರೆಸುವಾಗಲೂ ಪೋನೀಲೇ.

ಅಂದಿನಿಂದ ನನಗೆ ಒಂದು ವಿಷಯ ಚೆನ್ನಾಗಿ ಗೊತ್ತಾಯಿತು. ಇವರಿಗೆ ನಮ್ಮ ಮೈ ಬೇಕು. ಗದ್ದೆಗೆ ಬೇಕು, ಕೊಟ್ಟಿಗೆಗೆ ಬೇಕು, ದೇವರಿಗೂ ಬೇಕು. ಬೇಡವಾದದ್ದು ಮುಖ.

ನಾನು ಈಗ ಮುಳಬಾಗಿಲಿನ ಒಂದು ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಮಾಡುತ್ತೇನೆ. ಹೊರಗೆ ಎಷ್ಟು ಚೆನ್ನಾಗಿ ಕಂಡರೂ ಒಳಗೆ ನೋಡದೆ ನಂಬಬಾರದು ಎಂಬುದು ನನ್ನ ಕೆಲಸ, ಈಗ ನನ್ನ ಗುಣವೂ ಹೌದು. ಹೋದ ವರ್ಷ ಅಮ್ಮನ ಕೈಯಿಂದ ಲೋಟ ಜಾರಿ ಬೀಳತೊಡಗಿತು. ಗುಂಡಿ ಹಾಕಲು ಬರುತ್ತಿರಲಿಲ್ಲ. ಅವಳನ್ನು ಬಸ್ಸು ಹತ್ತಿಸಿ ಕರೆದುಕೊಂಡು ಹೋಗಿ ನಾನೇ ಕತ್ತಿನ ಎಕ್ಸ್‌ರೇ ತೆಗೆದೆ. ಕತ್ತಿನ ಮೂಳೆಗಳು ಒಂದರ ಮೇಲೊಂದು ಕುಸಿದು ಕೂತಿದ್ದವು. ನಡುವೆ ಇರಬೇಕಾದ ಸಂದು ಇರಲಿಲ್ಲ. ಡಾಕ್ಟರು ಫಿಲಂ ನೋಡಿ, "ಏನು ಹೊರ್ತಿದ್ರು ಇವರು?" ಎಂದರು. ದೇವರನ್ನು ಎಂದೆ. ತಮಾಷೆ ಎಂದುಕೊಂಡರು.

"ಇನ್ನೊಂದು ಸಲ ಭಾರ ಹೊತ್ತರೆ ಕೈಗಳಲ್ಲಿ ಸ್ವಾಧೀನ ಹೋಗುತ್ತೆ" ಎಂದು ಹೇಳಿ ಕಳಿಸಿದರು.

ನೆತ್ತಿಯ ಮೇಲೆ ಅಂಗೈಯಗಲ ಕೂದಲಿಲ್ಲ ಅಮ್ಮನಿಗೆ. ಎಣ್ಣೆ ಹಚ್ಚುವಾಗ ಅಲ್ಲಿಗೆ ಬಂದರೆ ನನ್ನ ಕೈ ನಿಲ್ಲುತ್ತದೆ. ಮುಟ್ಟಿದರೆ ಗಂಟು ಗಂಟು ಹಳೇ ಗಾಯ.

ಜೀಪಿನಿಂದ ಇಳಿಯದ ಚನ್ನರಾಯಪ್ಪ ಅವತ್ತು ಬಂದದ್ದು ಇದಕ್ಕೆ.

"ಈ ಸಲ ನಿಮ್ಮ ಮಗಳು ಹೊರಲಿ" ಎಂದ. "ಓದಿರೋ ಹುಡುಗಿ. ಊರಿಗೂ ಒಂದು ಗೌರವ."

"ನಂಗೆ ಬೇಡ" ಎಂದೆ.

"ಬೇಡ ಅಂದ್ರೆ ಹೆಂಗಮ್ಮಾ? ಅಮ್ಮನೋರು ಗುಡಿಯಾಗೇ ಕೂರಬೇಕಾ?"

"ಕೂರ್ಲಿ."

ಅವನು ನನ್ನ ಕಡೆ ನೋಡಲೇ ಇಲ್ಲ. ಅಮ್ಮನ ಕಡೆ ನೋಡಿದ. ಅಷ್ಟೇ ಸಾಕಿತ್ತು. ನಮ್ಮಜ್ಜಿ ಸತ್ತ ವರ್ಷ ಸೂತಕವೆಂದು ಎಲ್ಲಮ್ಮ ಹೊರಡಲಿಲ್ಲ. ಆ ಬೇಸಿಗೆ ಊರಲ್ಲಿ ಮಕ್ಕಳಿಗೆ ಸಿಡುಬಿನಂಥ ಗುಳ್ಳೆ ಎದ್ದವು. ಕೇರಿಗೆ ಬಾವಿಯ ದಾರಿ ಮುಚ್ಚಿದರು. ಅಮ್ಮ ಅದನ್ನು ಮರೆತಿಲ್ಲ.

"ನಾನೇ ಹೊರ್ತೀನಿ ಸೋಮಿ" ಎಂದಳು ಅಮ್ಮ.

ಅವಳ ಬಲಗೈ ಆಗಲೇ ನಡುಗುತ್ತಿತ್ತು. ನನ್ನ ಮೈ ಉರಿಯಿತು. ಅವನ ಮೇಲೋ, ಅವಳ ಮೇಲೋ ಗೊತ್ತಿಲ್ಲ.

"ನಾನು ಹೊರ್ತೀನಿ" ಎಂದೆ. "ಆದ್ರೆ ಮುಸುಕು ಹಾಕ್ಕೊಳ್ಳಲ್ಲ. ನನ್ನ ಮುಖ ಕಾಣ್ಬೇಕು. ಒಪ್ಪಿಗೆ ಇದ್ರೆ ಹೇಳಿ."

ಅವನು ಬಯ್ಯುತ್ತಾನೆ ಎಂದುಕೊಂಡಿದ್ದೆ. ಜೀಪು ತಿರುಗಿಸಿಕೊಂಡು ಹೋಗುತ್ತಾನೆ ಎಂದುಕೊಂಡಿದ್ದೆ. ಅವನು ನಕ್ಕ.

"ಅಷ್ಟೇ ತಾನೆ? ಆಗಲಿ. ಕಾಲ ಬದಲಾಗೈತೆ. ಬಟ್ಟೆ ಹಾಕಲ್ಲ."

ಜೀಪು ಹೋಯಿತು. ಅಮ್ಮ ಹುಣಸೆಮರಕ್ಕೆ ಕೈಮುಗಿದಳು. ನನಗೆ ಮಾತ್ರ ಊಟ ಸೇರಲಿಲ್ಲ. ತಲೆಮಾರುಗಳಿಂದ ಬಿಡದವರು ಒಂದು ಮಾತಿಗೆ ಬಿಟ್ಟರೆ? ಎಲ್ಲೋ ಏನೋ ಇದೆ.

ಹಬ್ಬಕ್ಕೆ ಮೊದಲು ಅವನ ಮಗ ಚಂದ್ರಮೋಹನ್ ಫೋನ್ ಮಾಡಿದ. ಅವನು ಕೋಲಾರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾನೆ. ಹಬ್ಬಕ್ಕೆ ಬಂದು ಮೈಕು ಹಿಡಿಯುತ್ತಾನೆ. ನನ್ನನ್ನು ಸಿಸ್ಟರ್ ಎಂದ.

"ನಿಮ್ಮ ಡಿಮ್ಯಾಂಡ್ ತುಂಬಾ ಸರಿ ಸಿಸ್ಟರ್. ನಾನೇ ಅಪ್ಪನಿಗೆ ಹೇಳಿದೆ, ಬಟ್ಟೆ ತೆಗೆದುಬಿಡೋಣ ಅಂತ. ಈ ಸಲ ನಮ್ಮ ಹಬ್ಬ ಸಮಾನತೆಯ ಹಬ್ಬ."

"ಮುಖ ಕಾಣ್ತೈತಾ?" ಎಂದು ಕೇಳಿದೆ.

"ಬಟ್ಟೆ ಇರಲ್ಲ ಸಿಸ್ಟರ್, ನಿಶ್ಚಿಂತೆಯಾಗಿರಿ."

ನಾನು ಕೇಳಿದ್ದು ಮುಖ. ಅವನು ಹೇಳಿದ್ದು ಬಟ್ಟೆ. ಅಪ್ಪನೂ ಹಾಗೇ ಹೇಳಿದ್ದ. ಫೋನ್ ಇಟ್ಟ ಮೇಲೆ ಅದು ತಲೆಯಲ್ಲಿ ಕೊರೆಯಿತು.

ಹಬ್ಬದ ದಿನ ಕೆರೆಯಲ್ಲಿ ಮುಳುಗಿ ಬಂದೆ. ನಡುವಿಗೆ ಹಗ್ಗ ಕಟ್ಟಿದರು. ಕಟ್ಟಿದ್ದು ನಮ್ಮ ಮಾವನ ಮಗ ಕಾಂತರಾಜ್. ಊರಿನವರು ನಮ್ಮನ್ನು ಮುಟ್ಟುವುದಿಲ್ಲವಲ್ಲ. ಅವನು ಬೇರೆ ದಿನ ಕೋಲಾರದ ಮಾರ್ಕೆಟ್ಟಿಗೆ ಟೊಮೇಟೊ ಸಾಗಿಸುವ ಗಾಡಿ ಓಡಿಸುತ್ತಾನೆ, ಹಬ್ಬದ ದಿನ ತಮಟೆ ಬಡಿಯುತ್ತಾನೆ. ಹಗ್ಗದ ಗಂಟು ಸಡಿಲವಾಗಿ ಹಾಕಿ, "ನೋವಾಯ್ತದಾಕ್ಕ?" ಎಂದ.

ಸೀನಪ್ಪ ತಲೆ ತಂದ. ಕೆಂಪು ಬಟ್ಟೆ ಇರಲಿಲ್ಲ. ಹೇಳಿದ ಮಾತಿಗೆ ತಪ್ಪಿರಲಿಲ್ಲ. ಬಟ್ಟೆ ಇದ್ದ ಅಂಚಿಗೆ ಸುತ್ತಲೂ ಹೂವು ಕಟ್ಟಿದ್ದರು. ಮಲ್ಲಿಗೆ, ಕನಕಾಂಬರ, ಸುಗಂಧರಾಜದ ಸರಗಳು. ಒಂದರ ಪಕ್ಕ ಒಂದು ಒತ್ತಾಗಿ ಎದೆಯವರೆಗೆ. ಬೆರಳು ತೂರಿಸಲು ಸಂದಿಲ್ಲ.

"ಇದೇನು?" ಎಂದೆ.

ಚಂದ್ರಮೋಹನ್ ಟ್ರ್ಯಾಕ್ಟರಿನ ಮೇಲೆ ಮೈಕು ಹಿಡಿದು ನಿಂತಿದ್ದ. ಮೈಕಿಗೆ ಕೈ ಅಡ್ಡ ಹಿಡಿದು ಬಗ್ಗಿ ಹೇಳಿದ. "ಹೂವು ಸಿಸ್ಟರ್. ಅಲಂಕಾರ. ಸ್ಪೆಷಲ್ಲಾಗಿ ಕೋಲಾರದಿಂದ ತರಿಸಿದ್ದು. ಮುಸುಕು ಬೇಡ ಅಂದ್ರಿ, ತೆಗೆದ್ವಿ."

ಸುತ್ತ ನಿಂತವರು ನಕ್ಕರು. ದೊಡ್ಡದಾಗಿ ಅಲ್ಲ. ಮೂಗಿನಲ್ಲಿ.

ನಾನು ಹಗ್ಗಕ್ಕೆ ಕೈ ಹಾಕಿದೆ. ಬಿಚ್ಚಿ ಎಸೆದು ಹೋಗಬೇಕೆಂದೇ ಇದ್ದೆ. ಅಷ್ಟರಲ್ಲಿ ಕಟ್ಟೆಯ ಕೆಳಗೆ ಅಮ್ಮ ಎದ್ದು ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ಕೈ ಸರಿಯಾಗಿ ಬಾರದೆ ಸೆರಗು ಜಾರುತ್ತಿತ್ತು. ಮತ್ತೆ ಸಿಕ್ಕಿಸುತ್ತಿದ್ದಳು. ನಾನು ಹೋದರೆ ಅವಳು ಬರುತ್ತಾಳೆ. ಚನ್ನರಾಯಪ್ಪ ಅವಳನ್ನೇ ನೋಡುತ್ತಿದ್ದ. ಅವನಿಗೆ ಎಲ್ಲ ಗೊತ್ತಿತ್ತು.

"ನೀನು ಮನೇಗೋಗಮ್ಮಾ" ಎಂದು ಕೂಗಿದೆ. "ನಾನೇ ಹೊರ್ತೀನಿ. ಹೋಗು, ಅನ್ನಕ್ಕಿಡು."

ಅವಳು ತೋಪಿನ ಕಾಲುದಾರಿ ಹಿಡಿದು ಹೋಗುವವರೆಗೂ ಕಾದೆ. ಆಮೇಲೆ ತಲೆ ಬಗ್ಗಿಸಿದೆ.

ತಲೆ ಕೂತಿತು. ಕತ್ತು ಒಳಕ್ಕೆ ಇಳಿದಂತಾಯಿತು. ಒಳಗೆ ಎಲ್ಲೋ ಬೆಸುಗೆಯ ಮೊಳೆಗಳಿದ್ದವು. ಒದ್ದೆ ಕೂದಲು ಅವಕ್ಕೆ ಸಿಕ್ಕಿಕೊಂಡು ಹೆಜ್ಜೆಗೊಮ್ಮೆ ಜಗ್ಗುತ್ತಿತ್ತು. ಹೂವಿನ ವಾಸನೆ ಮೂಗಿಗೆ ಅಡರಿ ಉಸಿರು ಕಟ್ಟಿತು. ಇರುವೆಗಳಿದ್ದವು. ಕತ್ತಿನ ಮೇಲೆ ಹರಿದವು, ಕಿವಿಯೊಳಗೆ ಹೋದವು. ಕೈ ಬಿಡುವಂತಿಲ್ಲ, ಎರಡೂ ಕೈ ಮೇಲೆ ತಲೆಯನ್ನು ಹಿಡಿದಿವೆ. ಸಿಮೆಂಟು ರಸ್ತೆ ಕಾಯ್ದು ಕೆಂಡವಾಗಿತ್ತು. ಅಂಗಾಲು ಸುಟ್ಟಾಗ ಹೆಜ್ಜೆ ಬೇಗ ಬೇಗ ಬೀಳುತ್ತದೆ. ಬೇಗ ನಡೆದರೆ ಸೀನಪ್ಪ ಹಗ್ಗ ಜಗ್ಗುತ್ತಾನೆ. "ಮೆಲ್ಲಗೆ, ಮೆಲ್ಲಗೆ!" ಎಮ್ಮೆಗೆ ಹೇಳುವ ದನಿ.

ಮನೆಮನೆಗೆ ನಿಂತೆ. ಕಾಲಿಗೆ ನೀರು ಬಿತ್ತು. ತಣ್ಣಗಾಯಿತು. ಹಣೆಗಳು ನನ್ನ ಪಾದಕ್ಕೆ ತಾಗಿದವು. "ಕಾಪಾಡು ತಾಯೇ" ಎಂದರು. ಅದರಲ್ಲಿ ಒಂದು ದನಿ ನನಗೆ ಗೊತ್ತು. ಚನ್ನರಾಯಪ್ಪನ ಹೆಂಡತಿ ವೆಂಕಟಲಕ್ಷ್ಮಿ. ಅವಳ ಮನೆಯಲ್ಲಿ ಅಮ್ಮ ಕೊಟ್ಟಿಗೆ ಬಳಿಯುತ್ತಾಳೆ. ಅವಳು ನನ್ನ ಕಾಲು ಹಿಡಿದು ಮೊಮ್ಮಗನಿಗೆ ಜ್ವರ ಬಿಡಲೆಂದು ಬೇಡಿದಳು. ಎತ್ತಿ ಕಟ್ಟಿದ ಸೀರೆಯ ಕೆಳಗೆ ಮೊಣಕಾಲಿನ ಹಳೇ ಗಾಯದ ಗುರುತು ಅವಳ ಕಣ್ಣೆದುರಿಗೇ ಇತ್ತು. ಅವಳಿಗೆ ಅದು ದೇವರ ಕಾಲು.

ಮೈಕಿನಲ್ಲಿ ಚಂದ್ರಮೋಹನ್ ಕತೆ ಹೇಳುತ್ತಿದ್ದ. ಒಳಗಿಂದ ಕೇಳಿದರೆ ಬಾವಿಯಲ್ಲಿ ಮಾತಾಡಿದ ಹಾಗೆ ಕೇಳುತ್ತದೆ. ಅವನ ಕತೆ ಬೇರೆ ಇತ್ತು. "ಬಂಧುಗಳೇ, ಆ ಮಾತಂಗಿ ಎಂಬ ಮಹಾತಾಯಿ ಏನು ಮಾಡಿದಳು? ಲೋಕಕಲ್ಯಾಣಕ್ಕಾಗಿ ತನ್ನ ದೇಹವನ್ನೇ ದೇವಿಗೆ ದಾನ ಮಾಡಿದಳು. ಸಂತೋಷದಿಂದ ಅರ್ಪಿಸಿದಳು!"

ಜನ ಚಪ್ಪಾಳೆ ತಟ್ಟಿದರು.

ದಾನ. ಓಡಿ ಬಂದವಳಿಗೆ ಜಾಗ ಕೊಟ್ಟ ತಪ್ಪಿಗೆ ಕೊಡಲಿ ಏಟು ತಿಂದವಳು ದಾನ ಮಾಡಿದಳಂತೆ. ಕೊಲೆಗೆ ಹೂವಿನ ಸರ ಕಟ್ಟಿಬಿಟ್ಟರು. ಬಟ್ಟೆ ತೆಗೆದು ಹೂವು ಇಳಿಬಿಟ್ಟ ಬುದ್ಧಿಯೇ ಕತೆಯನ್ನೂ ತಿದ್ದಿದೆ. ಮುಂದಿನ ವರ್ಷದ ಹೊತ್ತಿಗೆ ನಮ್ಮಮ್ಮನೂ ತನ್ನ ಕತ್ತನ್ನು ಸಂತೋಷದಿಂದ ಅರ್ಪಿಸಿದವಳಾಗುತ್ತಾಳೆ. ಅದರ ಮುಂದಿನ ವರ್ಷ ನಾನು.

ಅಂಗಾಲಿಗೆ ಹುಣಸೆಯ ಒಣ ಸಿಪ್ಪೆ ಚುಚ್ಚಿತು. ನೆಲ ತಂಪಾಯಿತು. ಹುಣಸೆಮರದ ನೆರಳು. ಕಣ್ಣು ಕಟ್ಟಿದರೂ ನನಗೆ ಗೊತ್ತಾಗುವ ಜಾಗ ಅದು. ಎಡಕ್ಕೆ ಗುಡಿ, ಬಲಕ್ಕೆ ಕೇರಿ. ಹಗ್ಗ ಎಡಕ್ಕೆ ಎಳೆಯಿತು.

ನಾನು ನಿಂತೆ.

ಋಷಿಯ ಹೆಂಡತಿ ಜೀವ ಉಳಿಸಿಕೊಳ್ಳಲು ಓಡಿದ್ದು ಗುಡಿಗಲ್ಲ. ಕೇರಿಗೆ. ಅವಳು ತಾನಾಗಿ ಕಾಲಿಟ್ಟ ಕೊನೆಯ ಜಾಗ ಅದೇ. ಅಲ್ಲಿಗೆ ಬಂದಳು ಎಂಬುದು ಕತೆಯಲ್ಲಿದೆ, ಮತ್ತೆಂದೂ ಬರಬಾರದು ಎಂಬುದು ಹಬ್ಬದಲ್ಲಿದೆ.

ನಾನು ಬಲಕ್ಕೆ ತಿರುಗಿದೆ.

ಹಗ್ಗ ಬಿಗಿಯಿತು. ತಮಟೆ ನಿಂತಿತು. "ಅಕ್ಕಾ, ಎಡಕ್ಕೆ, ಎಡಕ್ಕೆ" ಎಂದ ಕಾಂತರಾಜ್ ಹಿಂದಿನಿಂದ.

"ಗೊತ್ತು ಕಣೋ" ಎಂದೆ.

ಮೈಕಿನಲ್ಲಿ ಚಂದ್ರಮೋಹನನೂ ಕೂಗಿದ. "ಲೆಫ್ಟ್ ಸಿಸ್ಟರ್, ಲೆಫ್ಟ್!"

ನಾನು ಇನ್ನೊಂದು ಹೆಜ್ಜೆ ಇಟ್ಟೆ. ಸೀನಪ್ಪ ಪೂರಾ ಬಲ ಹಾಕಿ ಎಳೆದ. ಹಗ್ಗ ನಡುವಿಗೆ ಕೊರೆಯಿತು. ಅವನಿಗೆ ವಯಸ್ಸಾಗಿದೆ. ನಾನು ದಿನವೂ ಸ್ವಾಧೀನ ತಪ್ಪಿದ ರೋಗಿಗಳನ್ನು ಟೇಬಲ್ಲಿಗೆ ಎತ್ತಿ ಮಲಗಿಸುವವಳು. ಮುಂದಕ್ಕೆ ನಡೆದೆ. ಅವನು ನನ್ನ ಹಿಂದೆ ತಡವರಿಸಿಕೊಂಡು ಬಂದ. ಕೇರಿಯ ಚರಂಡಿಯ ಹತ್ತಿರ ಹಗ್ಗ ತಟ್ಟನೆ ಸಡಿಲವಾಯಿತು. ಅವನು ಕೈ ಬಿಟ್ಟಿದ್ದ. ಒಳಗೆ ಕಾಲಿಡುವುದಕ್ಕಿಂತ ದೇವರನ್ನು ಬಿಡುವುದೇ ಅವನಿಗೆ ಸಲೀಸಾಯಿತು.

ಯಾರೋ ಮುದುಕಿ ಕೂಗಿದಳು. "ಅಮ್ಮನೋರೇ ತಿರುಗವಳೆ! ಮೈದುಂಬವಳೆ!"

ನನಗೆ ಅದು ಬೇಡವಿತ್ತು. ಅದನ್ನೂ ದೇವರ ಲೆಕ್ಕಕ್ಕೆ ಬರೆದುಕೊಂಡು ಬಿಡುತ್ತಾರೆ. ಹೂವಿನ ಸರಗಳನ್ನು ಒಂದು ಕೈಯಲ್ಲಿ ಹಿಡಿದು ಕಿತ್ತೆ. ದಾರ ಬೆರಳು ಕೊಯ್ದಿತು. ಬೆಳಕು ಕಣ್ಣಿಗೆ ಹೊಡೆಯಿತು. ತಿರುಗಿ ನಿಂತೆ.

"ನನ್ ಮೈಮೇಲೆ ಯಾವ ದೇವ್ರೂ ಬಂದಿಲ್ಲ" ಎಂದೆ. "ನಾನು ರಜನಿ. ದೊಡ್ಡಮುನಿಯಮ್ಮನ ಮಗಳು. ನಾನೇ ತಿರುಗಿದ್ದು. ಇಷ್ಟೊತ್ತು ನೀವು ಬಿದ್ದಿದ್ದು ನನ್ ಕಾಲಿಗೆ. ನೋಡ್ಕೊಳ್ಳಿ, ಇದು ಮುಖ."

ವೆಂಕಟಲಕ್ಷ್ಮಿ ತನ್ನ ಹಣೆಯ ಕುಂಕುಮ ಮುಟ್ಟಿಕೊಂಡಳು. ಆಮೇಲೆ ಕೈಯನ್ನು ಸೆರಗಿಗೆ ಒರೆಸಿದಳು. ಅದನ್ನು ನಾನು ನೋಡಿದೆ ಎಂದು ಅವಳಿಗೂ ಗೊತ್ತಾಯಿತು.

"ಲೇ ಕಾಂತರಾಜಾ, ತಡಿಯೋ ಅವಳ್ನ!" ಎಂದ ಚನ್ನರಾಯಪ್ಪ. ಅವನ ಬಾಯಿಂದ ಅಮ್ಮಾ ಎಂಬ ಮಾತು ಹೋಗಿತ್ತು. "ಮುಂಡೇದು, ಊರ ದೇವ್ರ ಎತ್ಕೊಂಡೋಯ್ತಾ ಐತೆ!"

ಕಾಂತರಾಜ್ ಅವನನ್ನೂ ನೋಡಿದ, ನನ್ನನ್ನೂ ನೋಡಿದ. ಅವನ ಗಾಡಿಗೆ ಟೊಮೇಟೊ ತುಂಬುವುದು ಚನ್ನರಾಯಪ್ಪನ ತೋಟದಿಂದ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಚರಂಡಿ ದಾಟಿ ನನ್ನ ಹಿಂದೆ ಬಂದ. ಬಂದ ಮೇಲೆ ಬಡಿದ. ಮಿಕ್ಕ ತಮಟೆಯವರೂ ದಾಟಿದರು. ನಮ್ಮ ಕೇರಿಯ ದಾರಿಯಲ್ಲಿ ಎಲ್ಲಮ್ಮನ ತಮಟೆ ಕೇಳಿದ್ದು ಅದೇ ಮೊದಲು.

ಅಮ್ಮ ಮನೆಯ ಹೊಸಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿ ಮೊರ ಬಿಟ್ಟು ಎದ್ದಳು. ಅಕ್ಕಿ ಚೆಲ್ಲಿತು.

"ಏಮಿ ಪನಿ ಇದಿ? ಏನ್ ಕೆಲ್ಸ ಮಾಡ್ದೆ ನೀನು? ನಮ್ಮನ್ನ ಉಳಿಸ್ತಾರಾ ಅವ್ರು?"

"ಇಳಿಸ್ಕೋ ಅಮ್ಮಾ. ಕತ್ತು ನೋಯ್ತೈತೆ."

ಅಷ್ಟು ಸಾಕಾಯಿತು. ಆ ನೋವು ಅವಳಿಗೆ ಗೊತ್ತು. ಕೈಯಲ್ಲಿ ಹಿಡಿತವಿಲ್ಲದವಳು ಮೊಣಕೈಗಳಿಂದ ತಬ್ಬಿ ಹಿಡಿದಳು. ಕಾಂತರಾಜ್ ಕೈ ಕೊಟ್ಟ. ಬಿಡಿಸುವಾಗ ನನ್ನ ಕೂದಲು ಬುಡದಿಂದ ಕಿತ್ತು ಬಂತು. ನಾನು ಚೀರಿದೆ. ತಲೆಯನ್ನು ಒರಳುಕಲ್ಲಿನ ಪಕ್ಕ ಇಳಿಸಿದರು.

ದೂರದಲ್ಲಿ, ಚರಂಡಿಯ ಆಚೆ, ಊರು ನಿಂತಿತ್ತು. ಚನ್ನರಾಯಪ್ಪ ಕೂಗಿದ. "ಮರ್ಯಾದೆಯಾಗಿ ತಂದಿಡು. ಪೊಲೀಸಿಗೆ ಫೋನ್ ಮಾಡ್ತೀನಿ."

"ಮಾಡಿ" ಎಂದು ಕೂಗಿದೆ. "ಅವರೂ ಬರ್ಲಿ. ನೀವೂ ಬನ್ನಿ. ತಲೆ ಬೇಕಂದ್ರೆ ಒಳಕ್ಕೆ ಬಂದು ತಗೊಂಡೋಗಿ. ನಾನೇನೂ ಬಚ್ಚಿಟ್ಟಿಲ್ಲ. ಬಾಗ್ಲು ತೆಗ್ದೈತೆ."

ಯಾರೂ ಬರಲಿಲ್ಲ. ಇಷ್ಟು ಜನ. ಇಷ್ಟು ಭಕ್ತಿ. ಒಂದು ಚರಂಡಿ.

ಅಮ್ಮ ಅವರ ಕಡೆ ನೋಡುತ್ತಿರಲಿಲ್ಲ. ಎಲ್ಲಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಅಷ್ಟು ವರ್ಷ ಹೊತ್ತವಳು ಆ ಮುಖವನ್ನು ಹತ್ತಿರದಿಂದ ನೋಡಿರಲೇ ಇಲ್ಲ. ಹೊತ್ತಾಗ ಅದು ಅವಳ ಮೇಲಿರುತ್ತಿತ್ತು. ಇಳಿಸಿದ ಮೇಲೆ ಅವಳ ಮುಖ ಗೋಡೆಗಿರುತ್ತಿತ್ತು. ಮೂಗು ಮುಟ್ಟಿದಳು. ಮೂಗುತಿ ಮುಟ್ಟಿದಳು. ಉಜ್ಜಿ ಉಜ್ಜಿ ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು.

"ನನ್ ಕೂದ್ಲು ಬಿಡಿಸ್ಬೇಕು, ಒಳಗೆ ಸಿಕ್ಕೊಂಡೈತೆ" ಎಂದೆ.

ತಲೆಯನ್ನು ಮೆಲ್ಲಗೆ ಮಗುಚಿದೆವು. ಒಳಗೆ ಹೊಳಪಿರಲಿಲ್ಲ. ಕಪ್ಪಗೆ ಕಿಲುಬು ಹಿಡಿದಿತ್ತು. ಅವರು ಹೊರಗನ್ನು ಮಾತ್ರ ಉಜ್ಜಿದ್ದಾರೆ. ಒಳಗೆ ಇಣುಕಿದವರೇ ಇಲ್ಲ. ಬೆಸುಗೆಯ ಮೊಳೆಗಳಿಗೆ ನನ್ನ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು. ಅದರ ಕೆಳಗೆ ಬೇರೆ ಕೂದಲು. ಒಣಗಿ, ಗಂಟಾಗಿ, ಒಂದರ ಮೇಲೊಂದು ಸುತ್ತಿಕೊಂಡ ಕೂದಲು. ಮೇಲೆ ಬಿಳಿ. ಕೆಳಗೆ ಅರ್ಧ ನರೆತದ್ದು. ತೀರಾ ಕೆಳಗೆ, ಮೊಳೆಯ ಬುಡದಲ್ಲಿ, ಕರ್ರಗೆ, ಉದ್ದಕ್ಕೆ.

ಅಮ್ಮ ಒಂದು ಎಳೆಯನ್ನು ಹಿಡಿದೆಳೆದಳು. ಬೆಳಕಿಗೆ ಹಿಡಿದು ನೋಡಿದಳು. ಇನ್ನೊಂದು ಕೈ ತಾನಾಗಿ ಅವಳ ನೆತ್ತಿಗೆ ಹೋಯಿತು. ಕೂದಲಿಲ್ಲದ ಜಾಗಕ್ಕೆ.

"ನಂದೇ ಕಣೇ" ಎಂದಳು.

ಹಾಗಾದರೆ ವರ್ಷವಿಡೀ ಅದು ಅಲ್ಲೇ ಇತ್ತು. ನಾವು ಹೊಸಿಲು ದಾಟಬಾರದ ಗರ್ಭಗುಡಿಯಲ್ಲಿ, ದೀಪದ ಮುಂದೆ, ನಮ್ಮಮ್ಮ ಇದ್ದಳು. ಗಂಜಲ ಚಿಮುಕಿಸಿ, ಬಾಗಿಲು ಹಾಕಿ, ಅವಳಿಗೇ ಮಂಗಳಾರತಿ ಎತ್ತಿದ್ದಾರೆ. ಇನ್ನೊಬ್ಬಳು ಎಲ್ಲಿ ಎಂದು ನಾನು ಎಲ್ಲ ಕಡೆ ಕೇಳಿದ್ದೆ. ಅವಳು ಒಳಗೇ ಇದ್ದಳು.

ಅಮ್ಮ ಎದ್ದಳು. ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಬೀದಿಗೆ ಬಂದು ನಿಂತಳು. ಅವಳು ದನಿ ಎತ್ತಿ ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ.

"ಏ ಚನ್ನರಾಯಪ್ಪಾ!" ಎಂದಳು. ಸೋಮಿ ಅನ್ನಲಿಲ್ಲ. "ನೀನು ಕರ್ಪೂರ ಹಚ್ಚಿ ಕಣ್ಣಿಗೊತ್ಕೊಂಡಿದ್ದು ನನ್ ಕೂದ್ಲಿಗೆ ಕಣಯ್ಯಾ! ನಿಮ್ಮಪ್ಪಾನೂ ಅಷ್ಟೇ!"

ಚರಂಡಿಯ ಆಚೆ ಗದ್ದಲವೆದ್ದಿತು. ಸೀನಪ್ಪ ಕಿವಿ ಮುಚ್ಚಿಕೊಂಡ. ಇವತ್ತು ತಲೆ ಕೊಟ್ಟರೂ ಕೊಡದಿದ್ದರೂ ನಮಗೆ ಬಾವಿ ಇಲ್ಲ, ಕೂಲಿ ಇಲ್ಲ, ಕಾಂತರಾಜನ ಗಾಡಿಗೆ ಟೊಮೇಟೊ ಇಲ್ಲ. ನನಗೆ ಭಯವಾಯಿತು. ಆದರೂ ಒಳಗೆ ಹೋಗಿ ಬಾಚಣಿಗೆ, ಒಂದು ಕಡ್ಡಿ ತಂದೆ. ತಲೆ ಗುಡಿಗೆ ಹೋಗುವ ಮೊದಲು ಅಮ್ಮನ ಕೂದಲನ್ನೆಲ್ಲ ಬಿಡಿಸಿ ತೆಗೆದುಬಿಡಬೇಕು, ಅವರ ಕೈಗೆ ಒಂದೆಳೆಯೂ ಸಿಗಬಾರದು ಎನ್ನಿಸಿತ್ತು. ಸಿಕ್ಕರೆ ಕಿತ್ತು ಸುಡುತ್ತಾರೆ.

ಅಮ್ಮ ನನ್ನ ಕೈ ಹಿಡಿದಳು. ಹಿಡಿತವಿಲ್ಲದ ಕೈ. ಆದರೂ ಹಿಡಿದಳು. ಬೆರಳಿಗೆ ಸುತ್ತಿದ್ದ ಎಳೆಯನ್ನು ಬಿಚ್ಚಿ, ತಲೆಯ ಒಳಗೆ, ಅದೇ ಮೊಳೆಗೆ ಮತ್ತೆ ಸುತ್ತಿದಳು.

ಪೋನೀಲೇ ಅನ್ನುತ್ತಾಳೆ ಎಂದು ಕಾದೆ.

"ಉಂಡನೀ" ಎಂದಳು. ಇರಲಿ.